ಗುಬ್ಬಿಯ ಎರಡು ಕೋಣೆ

ನವೆಂಬರ್ 3, ಸೋಮವಾರ
ಎರಡು ನಾಯಿ, ಒಂದು ಕರು. ಕರುವಿನ ಮುರಿದ ಕಾಲಿಗೆ ಪ್ಲೇಟ್ ಹಾಕಿ ಮುಗಿಸುವಾಗ ಒಂದೂವರೆ. ಹೊರಗೆ ಬಂದರೆ ಯಾರೋ ಇಬ್ಬರು ನಮ್ಮ ಎಕ್ಸ್‌ರೇ ಮೆಷಿನ್ ಫೋಟೋ ತೆಗೆಯುತ್ತಿದ್ದಾರೆ. ಕಾಲಲ್ಲಿ ಶೂ ಬೇರೆ!

ರಿಸೆಪ್ಷನ್ನಿನ ಸುಧಾಳನ್ನು ಕೇಳಿದೆ. “ಬೆಂಗ್ಳೂರ್ ಕಂಪ್ನಿಯವ್ರಂತೆ ಮೇಡಂ. ದೊಡ್ ಡಾಕ್ಟ್ರು ಬಾಗ್ಲು ಹಾಕ್ಕೊಂಡು ಮಾತಾಡಿದ್ರು.”

ದೊಡ್ಡ ಡಾಕ್ಟ್ರು ಅಂದರೆ ವೆಂಕಟರಂಗಯ್ಯ ಸರ್. ತುಮಕೂರಿನ ಈ ಪಶು ಆಸ್ಪತ್ರೆಯಲ್ಲಿ ನಮ್ಮಿಬ್ಬರದೂ ಅರ್ಧರ್ಧ ಪಾಲು, ಏಳು ವರ್ಷದಿಂದ. ಒಂದು ದಿನವೂ ಬಾಗಿಲು ಹಾಕಿಕೊಂಡವರಲ್ಲ.

“ಏನಿಲ್ಲ ಕಣಮ್ಮ, ಸುಮ್ನೆ ನೋಡೋಕ್ ಬಂದಿದ್ರು,” ಅಂದರು. ನೋಡಿಕೊಂಡು ಹೋಗಲು ಇಲ್ಲೇನು ಮದುವೆ ಹೆಣ್ಣಿದೆಯೇ?

ನವೆಂಬರ್ 5, ಬುಧವಾರ
ಗುಬ್ಬಿ ದಿನ. ತುಮಕೂರಿನಿಂದ ಇಪ್ಪತ್ತೇ ಕಿಲೋಮೀಟರ್, ವಾರಕ್ಕೊಮ್ಮೆ ತೆರೆಯುವ ಎರಡು ಕೋಣೆಯ ಬ್ರಾಂಚ್. ಸರ್ ಬೇಡವೆಂದರೂ ಹಟ ಹಿಡಿದು ಬೆಳೆಸಿದ್ದು ನಾನು. ಕಡಬದ ಬೀರಯ್ಯ ಎತ್ತು ತಂದಿದ್ದ. ಕೊಂಬಿನ ಕ್ಯಾನ್ಸರ್. ತೆಗೆದೆ. ಇದನ್ನೇ ಒಂದು ದಿನ ನನ್ನದೇ ಪೂರ್ತಿ ಆಸ್ಪತ್ರೆ ಮಾಡಬೇಕು. ಸರ್ ಆ ಬೆಂಗಳೂರು ಕಂಪನಿಗೆ ಇದನ್ನೂ ಸೇರಿಸಿ ಮಾರಿಬಿಟ್ಟರೆ?

ನವೆಂಬರ್ 8
ನಾನು ಹೊರಗಿರುವಾಗ ಹೆಲ್ತ್ ಸರ್ಟಿಫಿಕೇಟ್‌ಗೆ ಬೇಕಾದೀತೆಂದು ಹತ್ತು ಖಾಲಿ ಲೆಟರ್‌ಹೆಡ್‌ಗೆ ಸಹಿ ಹಾಕಿ ಡ್ರಾಯರ್‌ನಲ್ಲಿ ಇಡುವುದು ರೂಢಿ. ತಪ್ಪು. ಗೊತ್ತು. ಸರ್ ಕೂಡ ಹಾಗೇ ಮಾಡುತ್ತಾರೆ. ಇವತ್ತು ನನ್ನವು ಒಂಬತ್ತೇ ಇವೆ. ಸುಧಾ ಮುಟ್ಟಿಲ್ಲ.

ಸಹಿಯ ಮೇಲೆ ಏನು ಬೇಕಾದರೂ ಟೈಪ್ ಮಾಡಬಹುದು... ನನ್ನ ಪಾಲು ಬಿಟ್ಟುಕೊಟ್ಟಿದ್ದೇನೆ ಅಂತಲೂ. ಎರಡು ಸಲ ಸರ್ ಬಾಗಿಲ ತನಕ ಹೋದೆ. ಕೇಳಲಿಲ್ಲ. ಕೇಳಿದರೆ ಹುಷಾರಾಗುತ್ತಾರೆ.

ನವೆಂಬರ್ 11
ಕುಣಿಗಲ್. ಕುದುರೆಯ ಮುಂಗಾಲು ಸ್ಕ್ಯಾನ್. ಫಾರಂ ಮ್ಯಾನೇಜರ್ ಚಂದ್ರು ಟೀ ಕೊಡುತ್ತ, “ಮುಂದಿನ್ ತಿಂಗ್ಳಿಂದ ನೀವು ತುಮ್ಕೂರಲ್ಲಿ ಇರಲ್ವಂತೆ ಮೇಡಂ? ವೆಂಕಟರಂಗಯ್ನೋರು ಹೇಳ್ತಿದ್ರು,” ಅಂದ.

ನಕ್ಕೆ. ಟೀ ಅರ್ಧಕ್ಕೇ ಬಿಟ್ಟು ಎದ್ದೆ. ಅಪ್ಪನ ಹಾಗೆ ನಂಬಿದ್ದೆ ಆ ಮನುಷ್ಯನನ್ನು.

ನವೆಂಬರ್ 14, ಶುಕ್ರವಾರ, ಸಂಜೆ 4
ಆಗಿಹೋಯಿತು. ಸುಧಾಳಿಂದ ನಂಬರ್ ಪಡೆದು ಕಂಪನಿಯ ವಕೀಲನಿಗೆ ನಾನೇ ಫೋನ್ ಮಾಡಿದ್ದೆ. ಆಪರೇಷನ್ ಮಾಡುವವಳು ನಾನು, ನಾನಿಲ್ಲದೆ ಏನು ಕೊಳ್ಳುತ್ತೀರಿ ಅಂತ. ಬಾಯಿ ತುಂಬ ಮೇಡಂ ಮೇಡಂ. ಹಿರೇಹಳ್ಳಿ ಹತ್ತಿರದ ಹೋಟೆಲಿಗೆ ಕಾಗದ ತಂದಿದ್ದ. ನನ್ನ ಪಾಲು ನಾನೇ ಮಾರುವುದು, ಚೀಫ್ ಸರ್ಜನ್ ಆಗಿ ಉಳಿಯುವುದು.

ಒಂದು ಷರತ್ತು — ಐದು ವರ್ಷ, ತುಮಕೂರಿನಿಂದ ಐವತ್ತು ಕಿಲೋಮೀಟರ್ ಒಳಗೆ ಸ್ವಂತ ಪ್ರಾಕ್ಟೀಸ್ ಮಾಡುವಂತಿಲ್ಲ. ಇದೇನು ಅಂದೆ.

“ಬರೀ ಸಂಬಳದೋರಾಗಿದ್ರೆ ಇದು ಕೋರ್ಟಲ್ಲಿ ನಿಲ್ಲಲ್ಲ ಮೇಡಂ. ಪಾಲು ಮಾರಿದೋರಿಗೆ ನಿಲ್ಲುತ್ತೆ. ನೀವ್ಯಾಕೆ ಬಿಟ್ಟು ಹೋಗ್ತೀರಾ? ಗುಬ್ಬೀನೂ ನಮ್ ಹೆಸರಲ್ಲೇ ನಡೆಯುತ್ತೆ, ನೀವೇ ನೋಡ್ಕೊಳ್ಳಿ.”

ಸಹಿ ಹಾಕಿದೆ. ಸರ್‌ಗಿಂತ ಮೊದಲು. ಅವರಿಗೆ ಈಗಲೇ ಹೇಳಬೇಡಿ ಅಂದೆ. ಖುಷಿಯಾಯಿತು, ಸುಳ್ಳು ಯಾಕೆ ಬರೆಯಲಿ.

ನವೆಂಬರ್ 20
ಸರ್ ನನ್ನ ಮುಂದೆ ಫೈಲ್ ಇಟ್ಟರು. ಗುಬ್ಬಿ ಬ್ರಾಂಚಿನ ಲೈಸೆನ್ಸ್. ನನ್ನೊಬ್ಬಳ ಹೆಸರಿಗೆ. ಜೊತೆಗಿದ್ದ ಅರ್ಜಿ ನನ್ನ ಲೆಟರ್‌ಹೆಡ್‌ನಲ್ಲಿ, ನನ್ನ ಸಹಿಯ ಮೇಲೆ ಟೈಪ್ ಆಗಿತ್ತು.

“ಗುಬ್ಬೀನ ಮಾರಾಟದಿಂದ ಹೊರಗಿಡ್ಸೋಕೆ ಮೂರು ವಾರ ಗುದ್ದಾಡಿದೀನಿ ಕಣಮ್ಮ ಜೈಬಾ. ಮೊದ್ಲು ನಾವಿಬ್ರೂ ಬೇರೆ ಆಗೋದು. ಗುಬ್ಬಿ ನಿಂಗೆ, ತುಮ್ಕೂರು ನಂಗೆ. ಆಮೇಲೆ ನಾನೊಬ್ನೇ ಮಾರ್ತೀನಿ. ಆ ಷರತ್ತೆಲ್ಲ ನನ್ ತಲೆಗೇ ಬರ್ಲಿ, ಅರವತ್ತೆಂಟಾಯ್ತು, ನಾನಿನ್ನೆಲ್ಲಿ ಕ್ಲಿನಿಕ್ ಇಡ್ತೀನಿ?”

“ನಂಗ್ಯಾಕೆ ಹೇಳ್ಲಿಲ್ಲ ಸರ್?”

“ಹೇಳಿದ್ರೆ ಆ ಕಂಪ್ನಿಯೋರ ಹತ್ರ ಜಗಳಕ್ ಹೋಗ್ತಿದ್ದೆ. ನಿನ್ ಬಾಯಿ ನಂಗ್ ಗೊತ್ತಿಲ್ವಾ?”

ನಗುತ್ತಿದ್ದರು. ಮುಖ ನೋಡಲಾಗಲಿಲ್ಲ. ಹೋಟೆಲಿನ ವಿಷಯ ಬಾಯಿಗೆ ಬಂತು, ನುಂಗಿಕೊಂಡೆ. ವಕೀಲನಿಗೆ ಆರು ಸಲ ಫೋನ್ ಮಾಡಿದೆ. ಏಳನೆಯ ಸಲ ಎತ್ತಿ, ಸಹಿ ಮಾಡಿದ್ದು ಮಾಡಿದ್ದೇ ಅಂದ.

ನವೆಂಬರ್ 21, ಬೆಳಿಗ್ಗೆ 10
ಸರ್ ಫೋನು. ಗುಬ್ಬಿಯಲ್ಲಿದ್ದಾರೆ. “ಬೋರ್ಡ್ ಬರೆಯೋನು ಬಂದವ್ನೆ ಕಣಮ್ಮ. ನಿನ್ ಹೆಸರು ದೊಡ್ಡದಾಗಿ ಬರಿ ಅಂದಿದೀನಿ. ಕೆಳಗೆ ಡಿಗ್ರಿ ಏನೇನ್ ಹಾಕ್ಲಿ, ಹೇಳು.”

ಸರ್, ಬೋರ್ಡ್ ಬೇಡ, ಅಂದೆ. ಯಾಕೆ ಅಂದರು. ಹೋದ ಶುಕ್ರವಾರ ನಾನು —