ಹಳ್ಳ ದಾಟಿದ ಬಂದೂಕು

೧೯ ಜನವರಿ ೨೦೧೧, ಹಿಪ್ಪರಗಿ

ಬೆಳಿಗ್ಗೆಯೇ ಜಗಳ. ಬ್ಯಾರೇಜಿನ ಹತ್ತಿರ ಹಿಂಡು ದಾಟಿಸುವಾಗ ಕಬ್ಬಿನ ಟ್ರ್ಯಾಕ್ಟರಿನವನು ಹಾರ್ನ್ ಒತ್ತಿದ್ದೇ ಒತ್ತಿದ್ದು. ಮರಿಗಳೆಲ್ಲ ಚೆಲ್ಲಾಪಿಲ್ಲಿ. "ಲೇ, ಕುರಿಗೆ ಬ್ರೇಕ್ ಇಲ್ಲ, ನಿನಗೈತಿ. ಒತ್ತು" ಅಂದೆ. "ಹೆಣ್ಮಗಳ ಬಾಯಿ ನೋಡ" ಅಂದ. ನೋಡಿದನಲ್ಲ, ಸಾಕು. ನಿಲ್ಲಿಸಿದ.

ಅಪ್ಪ ಇಲ್ಲದ ತಿರುಗಾಟ ಇದು ಎರಡನೇ ವರ್ಷ. ಅಪ್ಪ, ಗಿರಮಲ್ಲಪ್ಪ, ಮಂಡಿ ಸವೆದು ನಮ್ಮೂರು ರನ್ನ ಬೆಳಗಲಿಯ ಕಟ್ಟೆ ಹಿಡಿದಿದ್ದಾನೆ. ಅಲ್ಲಿಂದಲೇ ಫೋನಿನಲ್ಲಿ ಕುರಿ ಕಾಯುತ್ತಾನೆ. ನನ್ನ ಜೊತೆ ದೊಡ್ಡಪ್ಪನ ಮಗ ಮುತ್ತಣ್ಣ. ದುಡಿಮೆಗೆ ಎತ್ತು, ಎದೆಗಾರಿಕೆಗೆ ಇಲಿ.

ಪಿಯುಸಿ ಓದಿದವಳು, ಬನಹಟ್ಟಿಯ ಗಂಡನ ಮನೆ ಬಿಟ್ಟು ಬಂದು ಕುರಿ ಹಿಂದೆ ಹೊರಟಳು ಅಂತ ಬಳಗದವರಿಗೆ ಭಾರೀ ಸಂಕಟ. ಅವರ ಮಕ್ಕಳು ಪಗಾರದವರು. ಇರಲಿ. ತಿಂಗಳಿಗೊಮ್ಮೆ ಸಾಹೇಬನಿಗೆ ಹಲ್ಲು ಕಿರಿಯುವ ಕೆಲಸ ನನ್ನಿಂದ ಆಗುವುದಿಲ್ಲ.

ಸಂಜೆ ಬಂದೂಕು ಒರೆಸಿ, ಎಣ್ಣೆ ಸವರಿ, ಕಂಬಳಿಯಲ್ಲಿ ಸುತ್ತಿ ಕುದುರೆಯ ಹೇರಿಗೆ ಕಟ್ಟಿದೆ. ಮಂಜಿಗೆ ತುಕ್ಕು ಹಿಡಿಯುತ್ತದೆ. ಅಪ್ಪನ ಒಂಟಿ ನಳಿಗೆಯ ಬಂದೂಕು ಅದು. ಅವನಿಗೆ ಎಪ್ಪತ್ತಾದ ಮೇಲೆ ಲೈಸೆನ್ಸು ನನ್ನ ಹೆಸರಿಗೆ ಆಯಿತು. ತೋಳಕ್ಕೆ ಒಂದು ಗುಂಡು, ಕಳ್ಳರಿಗೆ ಒಂದು. ಇಲ್ಲಿಯವರೆಗೆ ಒಂದೂ ಹಾರಿಸಿಲ್ಲ.

೨೮ ಜನವರಿ

ಬಾಳಾಸಾಹೇಬರ ಹೊಲಕ್ಕೆ ಬಂದು ನಾಲ್ಕು ದಿನವಾಯಿತು. ಹಳ್ಳದ ಎರಡೂ ದಂಡೆಗೆ ಅವರದೇ ಜಮೀನು. ಅಪ್ಪನ ಕಾಲದಿಂದಲೂ ನಮ್ಮ ಹಿಂಡು ಇಲ್ಲೇ ಕೂರುವುದು. ಹಿಕ್ಕೆ ಅವರ ದ್ರಾಕ್ಷಿಗೆ, ಜೋಳ ನಮ್ಮ ಹೊಟ್ಟೆಗೆ. "ಗಿರಮಲ್ಲಪ್ಪನ ಮಗಳಂದ್ರ ನಮ್ಮನಿ ಮಗಳು" ಅಂದರು. ಅವರ ಹೆಂಡತಿ ಒಂದು ಡಬರಿ ಮಜ್ಜಿಗೆ ಕಳಿಸಿದರು.

ಹಳ್ಳದ ಈಚೆ ಕರ್ನಾಟಕ, ಆಚೆ ಮಹಾರಾಷ್ಟ್ರ. ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆಚೆಯವರೂ ಕನ್ನಡದಲ್ಲೇ ಬೈಯುವುದು. ಅಪ್ಪನ ಸೋದರತ್ತೆಯನ್ನು ಕೊಟ್ಟದ್ದೂ ಆಚೆಗೇ. ಈಚೆ ದಂಡೆ ಮುಗಿಯಿತು, ನಾಳೆಯಿಂದ ಆಚೆ ದಂಡೆ. ಹಳ್ಳದಲ್ಲಿ ಪಾದ ಮುಳುಗುವಷ್ಟೂ ನೀರಿಲ್ಲ.

೩ ಫೆಬ್ರವರಿ

ಬರೆಯಲು ಕೂತರೆ ಪೆನ್ನು ಹಾಳೆಯನ್ನೇ ಹರಿಯಿತು. ಹೆದರಿಕೆಗಲ್ಲ, ಸಿಟ್ಟಿಗೆ.

ಆಚೆ ದಂಡೆ, ಮಧ್ಯಾಹ್ನ. ಮುತ್ತಣ್ಣ ಕೊಡ ಹಿಡಿದು ಬಾವಿಗೆ ಹೋಗಿದ್ದ. ಹಳ್ಳದ ಗಿಡಗಳ ಮಗ್ಗುಲಿಗೆ ಪಿಕಪ್ ಬಂದು ಹಿಂಡಿನ ಬಾಲಕ್ಕೇ ನಿಂತಿತು. ಮೂವರು. ಮಾತಿಲ್ಲ ಕತೆಯಿಲ್ಲ, ಕುರಿಯ ಕಾಲು ಹಿಡಿದು ಎತ್ತಿ ಎತ್ತಿ ಒಗೆಯತೊಡಗಿದರು. ಹಾಡುಹಗಲು! ಕೂಗಿದೆ. ಒಬ್ಬ ತಿರುಗಿ ನೋಡಿ ನಕ್ಕ. "ಒಬ್ಬಾಕೀನ ಅದಾಳ" ಅಂದ. ಆ ಮಾತು ನನಗೆ ಕೇಳಬಾರದಿತ್ತು.

ಕಂಬಳಿ ಬಿಚ್ಚಿದೆ. ಆಕಾಶಕ್ಕೆ ಹಾರಿಸಿದೆ.

ಬಿದ್ದೆದ್ದು ಓಡಿದರು. ಪಿಕಪ್ಪಿನೊಳಗೆ ಹೋದ ಕುರಿ ಹೋದವೇ, ಅದರಲ್ಲಿ ಮುಂದಿನ ವಾರ ಈಯುವ ಎರಡೂ ಇದ್ದವು. ಆದರೆ ನಕ್ಕವನ ಮುಖ ನೋಡಿಟ್ಟುಕೊಂಡೆ. ಹೋದ ವಾರ ಮಜ್ಜಿಗೆ ಡಬರಿ ತಂದುಕೊಟ್ಟವನೇ ಅವನು. ಅಮೋಲ. ಬಾಳಾಸಾಹೇಬರ ಅಳಿಯ.

ಕಂಪ್ಲೇಂಟ್ ಕೊಡುತ್ತೇನೆ. ಮುತ್ತಣ್ಣ ಬೇಡ ಅನ್ನುತ್ತಿದ್ದಾನೆ. ಅವನು ಯಾವುದಕ್ಕೆ ಬೇಕು ಅಂದಿದ್ದಾನೆ?

೪ ಫೆಬ್ರವರಿ

ಕುರಿ ಕಳೆದುಕೊಂಡವಳು ನಾನು, ಆರೋಪಿಯೂ ನಾನೇ! ಎಂಥ ನ್ಯಾಯವೋ ಇದು.

ಕಂಬಳಿಯಲ್ಲಿ ಸುತ್ತಿದ ಬಂದೂಕು ಹಿಡಿದೇ ಆಚೆಯ ಠಾಣೆಗೆ ಹೋದೆ. ಫೌಜುದಾರ ನನ್ನ ಮಾತು ಪೂರ್ತಿ ಕೇಳಿದ. ಕೆಟ್ಟವನಂತೆ ಕಾಣಲಿಲ್ಲ. "ಹೌದ ಬಾಯಿ, ಬಂದೂಕ ಹಾರಿಸಿದ್ದು ಯಾರ?" ಅಂದ. ನಾನೇ ಅಂದೆ, ಎದೆಯುಬ್ಬಿಸಿ. ಲೈಸೆನ್ಸು ಕೇಳಿದ. ಕೊಟ್ಟೆ, ಅದನ್ನೂ ಎದೆಯುಬ್ಬಿಸಿಯೇ. ಪುಟ ತಿರುವಿ ಒಂದು ಸಾಲಿನ ಮೇಲೆ ಬೆರಳಿಟ್ಟ. ಓದಿದೆ. ಮತ್ತೊಮ್ಮೆ ಓದಿದೆ.

ಊರ್ಜಿತವಿರುವ ಪ್ರದೇಶ: ಕರ್ನಾಟಕ ರಾಜ್ಯ.

"ನೀ ಹಾರಿಸಿದ್ದು ಮಹಾರಾಷ್ಟ್ರದಾಗ" ಅಂದ.

"ಅದs ಹೊಲಾರೀ, ಅದs ಹಳ್ಳ. ಇಪ್ಪತ್ತ ಹೆಜ್ಜಿ ಈಚೆ ನಿಂತಿದ್ರ?"

"ಇಪ್ಪತ್ತ ಹೆಜ್ಜಿ ಈಚೆ ನಿಂತಿದ್ರ ನನಗ ಸಂಬಂಧ ಇರಲಿಲ್ಲ."

ಹಾರಿಸದಿದ್ದರೂ ತಪ್ಪೇ ಅಂತೆ. ಹೇರಿನಲ್ಲಿ ಸುಮ್ಮನೆ ಮಲಗಿದ್ದರೂ ತಪ್ಪು. ಹಳ್ಳ ದಾಟಿದ ಕ್ಷಣಕ್ಕೇ ಆ ಲೈಸೆನ್ಸು ಬರೀ ಹಾಳೆ. ಮೇಲೆ ಇನ್ನೊಂದು ಬರೆದ, ಮರಾಠಿಯಲ್ಲಿ. ಓದಿಸಿದೆ. ಕಂಬಳಿಯಲ್ಲಿ ಬಚ್ಚಿಟ್ಟು ತಂದಿದ್ದಳು, ಅಂತ.

ಆಗ ನೋಡು ನನಗೆ ಉರಿದದ್ದು. "ಬಚ್ಚಿಟ್ಟಿಲ್ರೀ, ಸುತ್ತಿಟ್ಟೀನಿ! ಹುಟ್ಟಿದ ಮರಿನೂ ಕಂಬಳ್ಯಾಗ ಸುತ್ತತೀವಿ, ರೊಟ್ಟಿನೂ ಸುತ್ತತೀವಿ, ನನ್ನೂ ಹಂಗs ಸುತ್ತಕೊಂಡ ತಿರಿಗ್ಯಾಳ ನಮ್ಮವ್ವ. ಕುರುಬರ ಕಂಬಳಿ ಕಳ್ಳರ ಚೀಲ ಅಲ್ಲ" ಅಂದೆ. ಠಾಣೆಯಲ್ಲಿ ಎಲ್ಲರೂ ತಿರುಗಿ ನೋಡಿದರು. ಫೌಜುದಾರ ಪೆನ್ನು ಕೆಳಗಿಟ್ಟ. ಆದರೆ ಬರೆದದ್ದನ್ನು ಹೊಡೆದುಹಾಕಲಿಲ್ಲ.

ಕುರಿ ಕಳುವಿನ ಕಂಪ್ಲೇಂಟನ್ನೂ ಬರೆದುಕೊಂಡ, ಅಮೋಲನ ಹೆಸರು ಹಾಕಿ. ಬಂದೂಕು ಅಲ್ಲೇ ಉಳಿಯಿತು. ಜಾಮೀನು ಸಿಕ್ಕಿತು. ನಾಳೆ ಪಂಚನಾಮೆ. ಬಾಳಾಸಾಹೇಬರೇ ಪಂಚ, ಅಂದರೆ ಜಾಗದ ಸಾಕ್ಷಿ.

ಅದೇ ದಿನ, ಸಂಜೆ

ಅಪ್ಪನಿಗೆ ಫೋನ್. ಎಲ್ಲ ಹೇಳಿದೆ.

"ನಾ ಮೂವತ್ತ ವರ್ಷ ಒಯ್ದೀನಿ ಯವ್ವಾ. ಯಾರೂ ಕೇಳಿಲ್ಲ."

"ನಿನ್ನ ಲೈಸೆನ್ಸಿನ್ಯಾಗ ಏನ ಬರದಿತ್ತು?"

"ನನಗೇನ ಓದಾಕ ಬರತದ? ಹಿಂದಕ ಸಂಸ್ಥಾನದ ಚಾಕರಿಯಾಗಿದ್ದ ಸಾಹೇಬ ಒಬ್ಬಾಂವ ಮಾಡಿಸಿಕೊಟ್ಟಿದ್ದ. ಭಾರತ ಪೂರಾ ಅಂತ ಸಿಕ್ಕಾ ಹೊಡಿಸೇನಿ ಅಂದಿದ್ದ."

ಅಲ್ಲಿಗೆ ತಿಳಿಯಿತು. ಅಪ್ಪನದು ದೇಶಕ್ಕೆಲ್ಲ ನಡೆಯುತ್ತಿತ್ತು. ನನ್ನ ಹೆಸರಿಗೆ ಬರುವಾಗ ಕರ್ನಾಟಕಕ್ಕೆ ಇಳಿದಿದೆ. ಬಂದೂಕು ಅದೇ, ಹಾದಿ ಅದೇ, ಲೈಸೆನ್ಸಷ್ಟೇ ಬೇರೆ. ಓದಲು ಬಾರದ ಅಪ್ಪ ಸರಿ ಇದ್ದ. ಪಿಯುಸಿ ಓದಿದ ನಾನು ಫೋಟೊ ಚೆನ್ನಾಗಿ ಬಂದಿದೆಯಾ ಅಂತ ನೋಡಿ ಮಡಚಿಟ್ಟಿದ್ದೆ. ಥೂ ನನ್ನ!

೫ ಫೆಬ್ರವರಿ

ಬಾಳಾಸಾಹೇಬರು ಬೆಳಿಗ್ಗೆಯೇ ಬಂದರು. ಬೈಕಿನಿಂದ ಇಳಿಯಲಿಲ್ಲ.

"ರೇಷ್ಮಾ, ನೀ ಕೋರ್ಟು ಕಚೇರಿ ಅಂತ ತಿರುಗೂದು ಗಿರಮಲ್ಲಪ್ಪಗ ಶೋಭಾ ತರತೈತೇನು? ಪಂಚ ನಾನ ಅದೀನಿ. ಬಂದೂಕ ಹಳ್ಳದ ಈಚೆ ದಂಡಿಮ್ಯಾಗ ಇತ್ತು, ನೀನೂ ಅಲ್ಲೇ ಇದ್ದಿ ಅಂತ ಹೇಳತೀನಿ. ಅದು ಕರ್ನಾಟಕ. ಕೇಸ ಖಲಾಸ್. ಬಂದೂಕೂ ಹೊಳ್ಳಿ ಬರತದ."

ಮುತ್ತಣ್ಣನ ಮುಖ ಅರಳಿತು. ನನಗೂ ಒಂದು ಗಳಿಗೆ ಎದೆ ಹಗುರಾಯಿತು. ಸುಳ್ಳೇಕೆ?

ಆಮೇಲೆ ಹೊಳೆಯಿತು. ನಾನು ಈಚೆ ದಂಡೆಯಲ್ಲಿದ್ದರೆ ಆಚೆ ದಂಡೆಯ ಗಿಡಗಳ ಮರೆಯಲ್ಲಿ ನಿಂತಿದ್ದ ಪಿಕಪ್ ನನಗೆ ಹೇಗೆ ಕಂಡೀತು? ಅಮೋಲನ ಮುಖ ಹೇಗೆ ಕಂಡೀತು? ನನ್ನ ಬಂದೂಕು ಉಳಿದರೆ ಅವರ ಅಳಿಯನೂ ಉಳಿಯುತ್ತಾನೆ. ಏನು ಲೆಕ್ಕಾಚಾರ, ಏನು ಕಳಕಳಿ!

"ಕಾಕಾ, ನಾ ಆಚೆ ದಂಡ್ಯಾಗs ಇದ್ದೆ" ಅಂದೆ.

"ಇನ್ನೊಮ್ಮೆ ವಿಚಾರ ಮಾಡು."

"ಮಾಡೀನ್ರಿ. ಆಚೆ ದಂಡ್ಯಾಗs ಇದ್ದೆ."

ಬೈಕು ಕಿಕ್ ಹೊಡೆದರು. ಹೊಲ ಖಾಲಿ ಮಾಡಲು ಸಂಜೆಯವರೆಗೆ ಟೈಮು ಕೊಟ್ಟರು. ಮನೆ ಮಗಳಿಗೆ ಅಷ್ಟಾದರೂ ಕೊಟ್ಟರಲ್ಲ.

೨೭ ಫೆಬ್ರವರಿ, ರನ್ನ ಬೆಳಗಲಿ

ವಾಪಸ್ ಬಂದು ವಾರವಾಯಿತು. ಹಿಂಡು ಸೊರಗಿದೆ.

ಇವತ್ತು ಬೀರೇಶ್ವರ ಗುಡಿಯ ಕಟ್ಟೆಗೆ ಕುರಿಯವರನ್ನೆಲ್ಲ ಕರೆಸಿದೆ. ಬಂದೂಕಿದ್ದವರು ಲೈಸೆನ್ಸು ತರಬೇಕು ಅಂದಿದ್ದೆ. "ಈಕಿ ಯಾವಾಗ ಫೌಜುದಾರ ಆದಳೋ" ಅಂತ ಗೊಣಗುತ್ತ ಬಂದರು. ಒಂದೊಂದೇ ಓದಿ ಹೇಳಿದೆ. ಬಹಳ ಜನರದು ಕರ್ನಾಟಕ. ಸಿದರಾಯ ಕಾಕಾನದು ಬಾಗಲಕೋಟ ಜಿಲ್ಲೆ ಮಾತ್ರ!

"ಅಂದ್ರ ಅಥಣಿಗೂ ಒಯ್ಯಂಗಿಲ್ಲೇನಬೇ?" ಅಂದ.

"ಅಥಣಿ ಬೆಳಗಾವಿ ಜಿಲ್ಲಾ, ಕಾಕಾ."

"ಹಂಗಾರ ನಾ ವರ್ಷಾ ಗುನ್ಹೆ ಮಾಡಕೋತ ಬಂದೀನಿ!" ಅಂದವನೇ ಪಟಕ ತೆಗೆದು ತಲೆ ಕೆರೆದುಕೊಂಡ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಕ್ಕು ಮುಗಿದ ಮೇಲೆ ತಮ್ಮ ತಮ್ಮ ಲೈಸೆನ್ಸು ಮತ್ತೆ ಬಿಚ್ಚಿ ನೋಡಿಕೊಂಡರು. ಬೇರೆ ಕಡೆ ಹೋಗುವ ಮೊದಲೇ ಅರ್ಜಿ ಕೊಟ್ಟು ವ್ಯಾಪ್ತಿ ಹೆಚ್ಚಿಸಿಕೊಳ್ಳಬೇಕು, ಸಿಗುವವರೆಗೆ ಬಂದೂಕು ಇಲ್ಲೇ ಬಿಡಬೇಕು ಅಂದೆ. "ಹೆಂಗಸು ಕೈ ಹಾಕಿದ್ದಕ್ಕs ಇಷ್ಟೆಲ್ಲ ಆತು" ಅಂದ ಹಿಂದಿನಿಂದ ಒಬ್ಬ. ನಾನು ಉತ್ತರಿಸಲು ತಿರುಗುವ ಮೊದಲೇ ಅಪ್ಪ ಕೋಲು ಊರಿ ಎದ್ದ.

"ಆಕಿ ಕೈ ಹಾಕಿದ್ದಕ್ಕ ನಿಮಗ ಗೊತ್ತಾತು. ಇಲ್ಲಾಂದ್ರ ಜೇಲಿಗೆ ಹೋಗಿ ಓದಸ್ತಿದ್ರಿ."

ಕಣ್ಣಲ್ಲಿ ನೀರು ಬಂತು. ಕುರಿ ನೋಡುವ ನೆಪ ಮಾಡಿ ಎದ್ದು ಬಂದೆ.

೧೪ ಮಾರ್ಚ್

ವಕೀಲ ಅಪ್ಪಾಸಾಬರನ್ನು ಕಂಡೆ. ಆಚೆಯ ಕೋರ್ಟಿನವರು. ಬಿಡಿಸಿ ಹೇಳಿದರು.

"ಷರತ್ತು ಮುರದೀರಿ ಅಂತ ಆದ್ರ ಆರು ತಿಂಗಳ ಒಳಗ ಜೇಲು, ಇಲ್ಲಾ ಬರೇ ದಂಡ. ಲೈಸೆನ್ಸ್ ಇಲ್ಲದs ಇಟಗೊಂಡಿದ್ರಿ ಅಂತ ಆದ್ರ ವರ್ಷದ ಮ್ಯಾಗ. ಯಾವದು ಅಂತ ಕೋರ್ಟ ಹೇಳಬೇಕು. ಬಚ್ಚಿಟ್ಟಿದ್ದಳು ಅಂತ ಬರದಾರ, ಅದು ಛಲೋ ಅಲ್ಲ."

"ಕುರಿ ಕೇಸಿನ್ಯಾಗ ಸಾಕ್ಷಿ ಹೇಳಿದ್ರ?"

"ಆ ಮಾತು ನಿಮ್ಮ ಮ್ಯಾಗs ತಿರಗತೈತಿ. ಅಮೋಲನ್ನ ಆಚೆ ಕಂಡೆ ಅಂದ್ರ, ಬಂದೂಕ ಆಚೆ ಒಯ್ದಿದ್ದೆ ಅಂತ ಒಪ್ಪಿದಂಗ. ಕಾಯದೆ ನಿಮಗ ಸುಮ್ಮನಿರೂ ಹಕ್ಕ ಕೊಟ್ಟೈತಿ ತಂಗೀ."

ಸುಮ್ಮನಿರುವ ಹಕ್ಕು. ಬನಹಟ್ಟಿಯಲ್ಲಿ ಮೂರು ವರ್ಷ ಅದನ್ನೇ ಉಂಡು ಬಂದಿದ್ದೇನೆ.

೨ ಡಿಸೆಂಬರ್

ತಾರೀಖು ಮುಂದಕ್ಕೆ. ಮತ್ತೆ.

೨೦ ಜನವರಿ ೨೦೧೨

ಹಿಂಡು ಹೊರಟಿತು. ಬಂದೂಕಿಲ್ಲ, ನಾಯಿಗಳಿವೆ. ಆಚೆಗೇ ಹೊರಟೆ, ಬೇರೆಯವರ ಹೊಲಕ್ಕೆ. "ಅಲ್ಲಿಗ್ಯಾಕ ಮತ್ತ?" ಅಂದ ಮುತ್ತಣ್ಣ. ಮೇವು ಅಲ್ಲಿದೆ ಅಂದೆ. ಅದೂ ನಿಜವೇ. ಆದರೆ ಅಮೋಲ ನಕ್ಕನಲ್ಲ, ಆ ಹಾದಿಯನ್ನು ಅವನಿಗೆ ಬಿಟ್ಟುಕೊಡುವುದಿಲ್ಲ. ಮಾತೆಲ್ಲ ಕೇಳಿಸಿಕೊಂಡು ಸಿದರಾಯ ಕಾಕಾನೂ ತನ್ನ ಹಿಂಡು ಹಿಂದೆ ಹೊಡೆದುಕೊಂಡು ಬಂದ. ಅವನ ಬಂದೂಕು ಮುಧೋಳದ ಠಾಣೆಯಲ್ಲಿ ಠೇವಣಿ.

೯ ಆಗಸ್ಟ್ ೨೦೧೨, ಕೋರ್ಟು, ಬೆಳಿಗ್ಗೆ ೧೦:೩೦

ಕಟಕಟೆ ಕಾಣುವ ಹಾಗೆ ವರಾಂಡದ ಬೆಂಚಿನಲ್ಲಿ ಕೂತಿದ್ದೇನೆ. ಎರಡೂ ಕೇಸು ಇವತ್ತೇ. ಮೊದಲು ಕುರಿಯದು, ನಾನು ಸಾಕ್ಷಿ. ಆಮೇಲೆ ಬಂದೂಕಿನದು, ನಾನು ಆರೋಪಿ. ಒಂದೇ ಬಾಯಿ, ಎರಡು ಕೆಲಸ.

ಬಾಳಾಸಾಹೇಬರು ಪಕ್ಕಕ್ಕೇ ಬಂದು ಕೂತರು. ಮುದುಕರಾಗಿದ್ದಾರೆ. "ಕುರಿ ಎಲ್ಲಾ ಹೊಳ್ಳಿ ಕೊಡಸ್ತೀನಿ. ಮುಖಾ ಸರೀ ಕಂಡಿಲ್ಲ ಅಂತ ಅನ್ನು. ಅಷ್ಟs. ನಾನೂ ಬಂದೂಕ ಈಚೆ ಇತ್ತಂತ ಅಂತೀನಿ. ನನ್ನ ಮಗಳ ಸಂಸಾರ ಐತವ್ವಾ" ಅಂದರು. ದನಿ ಒಡೆಯಿತು. ಕೋಪ ಬಂದಿದ್ದರೆ ಸುಲಭವಿತ್ತು. ಮರುಕ ಬಂತು, ಅದೇ ಕಷ್ಟ.

"ನಿಮ್ಮ ಮಗಳ ಮ್ಯಾಗ ನನಗ ಸಿಟ್ಟಿಲ್ರಿ" ಅಂದೆ. "ಆದ್ರ ನನ್ನ ತಪ್ಪು ನಾ ಒಪ್ಪಾಕ ಬಂದೀನಿ. ಅವನ ತಪ್ಪಿಗೂ ಅದs ಕೋರ್ಟೈತಿ."

ಎದ್ದು ಹೋದರು.

ಅಪ್ಪಾಸಾಬರು ಬಂದು ಕಿವಿಯಲ್ಲಿ ಹೇಳಿದರು, ಈಗಲೂ ಟೈಮಿದೆ. ಇವತ್ತು ಬಾಯಿ ಬಿಟ್ಟರೆ ಲೈಸೆನ್ಸು ರದ್ದಾಗುವುದು ಹೆಚ್ಚುಕಡಿಮೆ ಖಾತ್ರಿ, ಜೈಲೂ ಆಗಬಹುದು. ಅಪ್ಪನಿಗೆ ನಿನ್ನೆಯೇ ಹೇಳಿದ್ದೆ. "ಬಂದೂಕ ಹೋದ್ರ ಕಬ್ಬಿಣ ಹೋಗತೈತಿ" ಅಂದ. "ನಿನ್ನ ಮಾತ ಹೋಗಬಾರದು."

ಅಮೋಲ ಒಳಗೆ ಬಂದ. ಬಿಳಿ ಅಂಗಿ, ಹಣೆಗೆ ಗಂಧ. ನನ್ನನ್ನು ನೋಡಿದ. ಈ ಸಲ ನಗಲಿಲ್ಲ.

ಹೇಳುವುದು ಇಷ್ಟೇ. ಆಚೆ ದಂಡೆಯಲ್ಲಿದ್ದೆ. ಬಂದೂಕು ನನ್ನದು. ಅದನ್ನು ಅಲ್ಲಿಗೆ ಒಯ್ಯುವ ಹಕ್ಕು ನನಗಿರಲಿಲ್ಲ, ಗೊತ್ತಿರಲಿಲ್ಲ, ಗೊತ್ತಿರಬೇಕಿತ್ತು. ಹಾರಿಸಿದ್ದು ನಾನೇ. ಕುರಿ ಕದ್ದವನು ಅಗೋ ಅವನೇ.

ನನ್ನ ಹೆಸರು ಕರೆದರು. ಬಾಗಿಲಲ್ಲಿ ನಿಂತು ಮರಾಠಿ ಧಾಟಿಯಲ್ಲಿ ಎಳೆದು ಕರೆದರು. ಮುತ್ತಣ್ಣ, ನಮ್ಮ ಮುತ್ತಣ್ಣನೇ, ಬೆಂಚಿನಿಂದ ಎದ್ದು ನಿಂತು "ಅದಾಳ್ರೀ, ಇಲ್ಲೇ ಅದಾಳ!" ಅಂತ ಕೋರ್ಟೇ ಕೇಳುವ ಹಾಗೆ ಕೂಗಿದ.

ಎರಡನೇ ಸಲ. ಬಂದ್ನಿ ತಡೀರಿ, ಬಂ—