ಅರ್ಧಕ್ಕೆ ನಿಂತ ವಾದ

ಶಹಾಬಾದ,
ಶ್ರಾವಣದ ಎರಡನೇ ಸೋಮವಾರ

ಪ್ರೀತಿಯ ತಮ್ಮ ಸಿದ್ದಲಿಂಗೇಶನಿಗೆ ಅಕ್ಕನ ಆಶೀರ್ವಾದಗಳು.

ಆರೋಗ್ಯ ಹೇಗಿದೆ? ಚಿಂಚೋಳಿಯ ಖಾನಾವಳಿ ಊಟ ಹೊಟ್ಟೆಗೆ ಹಿಡಿಸಿತೇ? ಊಟಕ್ಕೆ ನಂಚಿಕೊಳ್ಳಲೆಂದು ಅವ್ವ ಶೇಂಗಾ ಹಿಂಡಿ ಕುಟ್ಟಿ ಕಟ್ಟಿದ್ದಾಳೆ. ಅತ್ತ ಹೊರಟಿರುವ ಪಕ್ಕದ ಮನೆಯ ಅಂಬರೇಶನ ಕೈಯಲ್ಲಿ ಅದನ್ನೂ ಈ ಕಾಗದವನ್ನೂ ಕೊಡುತ್ತಿದ್ದೇನೆ. ಈ ಕಾಲದಲ್ಲಿ ಕಾಗದ ಯಾಕೆ ಅನ್ನಬೇಡ. ಫೋನಿನಲ್ಲಿ ಅಪ್ಪನ ಹೆಸರೆತ್ತಿದೊಡನೆ ನಿನಗೆ ಸಿಗ್ನಲ್ ಹೋಗುತ್ತದೆ. ಕಾಗದಕ್ಕೆ ಆ ರೋಗವಿಲ್ಲ.

ನಿನ್ನೆ, ಶಾಲೆಯಲ್ಲಿ ಮಕ್ಕಳಿಗೆ ಮಾಡಬೇಕಾದ ಇಂಗ್ಲಿಷ್ ಪಾಠಕ್ಕೆಂದು ಪಡಸಾಲೆಯಲ್ಲಿ ಕುಳಿತು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಎಪ್ಪಾ, ಜಗಳಕ್ಕೆ ಆ ಭಾಷೆಯಲ್ಲಿ ಎಷ್ಟು ಹೆಸರು! ಕಾರಣ ಕೊಟ್ಟು ಮಾತಾಡಿದರೆ ಆರ್ಗ್ಯುಮೆಂಟ್. ಸಿಟ್ಟು ನೆತ್ತಿಗೇರಿ, ಕಾರಣ ಮರೆತು ಒಬ್ಬರನ್ನೊಬ್ಬರು ಹಳಿದರೆ ಕ್ವಾರೆಲ್. ಅದು ಬಗೆಹರಿಯದೆ ತಿಂಗಳುಗಟ್ಟಲೆ ನಿಂತು, ನಡುವೆ ಮೂರನೆಯವರು ಓಡಾಡುವಂತಾದರೆ ಡಿಸ್ಪ್ಯೂಟ್. ಕೇಳುತ್ತ ಕುಳಿತಿದ್ದ ಅಪ್ಪ ತಂಬಾಕು ತಿಕ್ಕುವುದನ್ನು ನಿಲ್ಲಿಸಿ, "ನಮ್ದು ಯಾವ್ದವ್ವಾ?" ಎಂದ.

ಏನು ಹೇಳಲಿ? ಹೊಸ ಕೋಣೆಗೆ ಟೈಲ್ಸ್ ಬೇಕೆಂದು ನೀನು, ನಮ್ಮೂರ ಹಾಸುಗಲ್ಲೇ ಆಗಬೇಕೆಂದು ಅವನು. ಬೇಸಿಗೆಗೆ ತಂಪು ಎಂದು ಅವನು, ಮಳೆಗಾಲಕ್ಕೆ ತೇವ ಹಿಡಿಯುತ್ತದೆ ಎಂದು ನೀನು. ಇಬ್ಬರದೂ ಸುಳ್ಳಲ್ಲ, ಅಲ್ಲಿಯತನಕ ಅದು ಆರ್ಗ್ಯುಮೆಂಟೇ. ಆಮೇಲೆ ನೀನು, ಜನ್ಮವೆಲ್ಲ ಗಣಿಯಲ್ಲಿ ಕಲ್ಲು ಒಡೆದು ನಿನಗೇನು ಸಿಕ್ಕಿತು ಅಂದೆ. ಆ ಕಲ್ಲೇ ನಿನ್ನನ್ನು ಓದಿಸಿದ್ದು, ನಡಿ ಹೊರಗೆ ಅಂದ ಅವನು. ಅಲ್ಲಿಗೆ ಕ್ವಾರೆಲ್. ಈಗ ಪಾಪ, ಭಗವಂತ ಕಾಕಾ ನಿಮ್ಮಿಬ್ಬರ ಮಾತು ಹೊತ್ತು ಶಹಾಬಾದಕ್ಕೂ ಚಿಂಚೋಳಿಗೂ ತಿರುಗುತ್ತಿದ್ದಾನೆ. ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಅಪ್ಪನಿಗೆ ಹೇಳಿಬಿಟ್ಟೆ. ನನಗೂ ಸಿಟ್ಟಿತ್ತು, ಇಬ್ಬರ ಮೇಲೂ.

ಅಪ್ಪ ಮತ್ತೆ ತಂಬಾಕು ತಿಕ್ಕತೊಡಗಿದ. "ಹಂಗಾರ ಆ ಮೊದಲಿನ ವಾದಾನೇ ಇನ್ನಾ ಮುಗದಿಲ್ಲ," ಎಂದ. "ತೇವ ಹಿಡಿತದ ಅಂದಿದ್ನಲ್ಲ, ಅದಕ್ಕ ನಾ ಜವಾಬು ಕೊಟ್ಟೇ ಇಲ್ಲ. ಬಂದು ವಾದ ಮಾಡು ಅನ್ನು ಅವಂಗ."

ಹಠದಲ್ಲಿ ಇಬ್ಬರೂ ಒಂದೇ ಅಚ್ಚು. ಬಾ ತಮ್ಮಾ. ನೀನಿಲ್ಲದೆ ಈ ಮನೆಯಲ್ಲಿ ಅಪ್ಪನಿಗೆ ಎದುರು ಮಾತಾಡುವವರೇ ಇಲ್ಲ, ಊಟಕ್ಕೆ ಕುಳಿತರೆ ನನಗೆ ಬೇಜಾರಾಗುತ್ತದೆ. ಬಸವಣ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ದಾನೇಶ್ವರಿ

ತಾ.ಕ.: ಬಸ್ಸಿಗೆ ಹೊತ್ತಾಯಿತೆಂದು ಅಂಬರೇಶ ಅವಸರ ಮಾಡುತ್ತಿದ್ದಾನೆ. ಹೊಸ್ತಿಲ ಕಲ್ಲು ಕೂರಿಸುವಾಗ ಒಂದು ತುದಿ ತಂದೆ, ಇನ್ನೊಂದು ತುದಿ ಮಗ ಹಿಡಿಯುವುದು ನಮ್ಮ ಮನೆತನದ ರೂಢಿ, ನಿನಗೆ ಗೊತ್ತು. ಬೆಳಿಗ್ಗೆ ಆ ಕಲ್ಲು ಕೂರಿಸಲು ಗೌಂಡಿ ಬಂದಿದ್ದ. ನೀನು ಇಲ್ಲದ್ದು ಕಂಡು, ಇನ್ನೊಂದು ತುದಿ ತಾನೇ ಹಿಡಿಯುತ್ತೇನೆ ಎಂದ. ಅಪ್ಪ ಅವನನ್ನು ತಿರುಗಿ ಕಳಿಸಿಬಿಟ್ಟ. "ಒಳಗ ಟೈಲ್ಸ್ ಹಾಕಿದ್ರೂ ಹಾಕ್ಲಿ. ಈ ಕಲ್ಲಿನ ಆ ತುದಿ ನನ್ನ ಮಗಾನೇ ಹಿಡೀಬೇಕು."