ಎರಡು ಕಾರು, ಒಂದೇ ನಂಬರು

ಗುರುವಾರ, ಸಂಜೆ
ಊಟದ ಮೇಜು (ಉಳಿದಿರುವ ಮೂಲೆ)

ಕ್ಲಬ್ಬಿನ ಗೌರವ ಕಾರ್ಯದರ್ಶಿಗಳೂ, ಬಿಡುವಿದ್ದಾಗ ನನ್ನ ಯಜಮಾನರೂ ಆದ ನಿಮಗೆ,

ನಿಮ್ಮ ಲಕೋಟೆ ತಲುಪಿತು. ಒಳಗೆ ಎರಡು ಕಾಗದ. ಒಂದರಲ್ಲಿ ಕಾರ್ಯದರ್ಶಿ ನನ್ನನ್ನು ‘ಮಾನ್ಯ ಸದಸ್ಯೆ’ ಎಂದು ಕರೆದಿದ್ದಾರೆ, ಇನ್ನೊಂದರಲ್ಲಿ ಗಂಡ ಏನೆಂದೂ ಕರೆದಿಲ್ಲ. ಭಾನುವಾರದ ಸಭೆಯಲ್ಲಿ ನಾನು ಎಲ್ಲರೆದುರು ಕ್ಷಮೆ ಕೇಳಿ, ನಿಮ್ಮ ಆಟದ ಕಾರಿನೊಳಗಿನ ಆ ಚಿಪ್ಪನ್ನು ಒಪ್ಪಿಸಿ, ಅದು ಏನು ಮಾಡುತ್ತದೆಂದು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಸದಸ್ಯತ್ವ ರದ್ದು ಎನ್ನುತ್ತದೆ ಮೊದಲನೆಯದು. ಅದೆಲ್ಲ ಆದ ಮೇಲೆ ಮನೆಗೆ ಬರುತ್ತೇನೆ ಎನ್ನುತ್ತದೆ ಎರಡನೆಯದು. ಎರಡರಲ್ಲೂ ನಿಮ್ಮ ಸಹಿ ಇದೆ, ಒಂದರಂತೆ ಇನ್ನೊಂದಿಲ್ಲ. ಸಿಹಿ ಮಾತ್ರ ಎರಡರಲ್ಲೂ ಇಲ್ಲ.

ಉತ್ತರ ಮೊದಲೇ ಹೇಳಿಬಿಡುತ್ತೇನೆ: ಆಗುವುದಿಲ್ಲ. ಕ್ಷಮೆಯೂ ಇಲ್ಲ, ಚಿಪ್ಪೂ ಇಲ್ಲ, ವಿವರಣೆಯೂ ಇಲ್ಲ.

ಇನ್ನು ನಿಮ್ಮ ಅಕ್ಕನವರ ಪಾಲು. ಅವರ ಮನೆಗೆ ಬಂದ ಯಾವ ಪತ್ರವೂ ಅವರ ಕಣ್ಣಿಗೆ ಸುಂಕ ಕಟ್ಟದೆ ಒಳಗೆ ಹೋಗುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ್ದೇ? ಆಟದ ಕಾರಿಗೋಸ್ಕರ ಯಾರಾದ್ರೂ ಮನೆ ಬಿಟ್ಟು ಬರ್ತಾರೇನೋ ಅಂತ ಅವರು ನಿಮ್ಮನ್ನು ಕೇಳಿ ಕೇಳಿ ಸುಸ್ತಾಗಿರುತ್ತಾರೆ. ನೀವಂತೂ ಹೇಳಿರುವುದಿಲ್ಲ, ನಾನೇ ಹೇಳುತ್ತೇನೆ.

ಅತ್ತಿಗೆ, ನಮ್ಮ ಊಟದ ಮೇಜಿನ ಮೇಲೆ ಹಾವಿನಂತೆ ಸುತ್ತಿಕೊಂಡಿರುವ ಕಪ್ಪು ರಸ್ತೆಯನ್ನು ನೀವು ನೋಡಿ ಮೂಗು ಮುರಿದಿದ್ದೀರಿ. ಅದರಲ್ಲಿ ಎರಡು ಸೀಳುಗಳಿವೆ. ಅಂಗೈಯಷ್ಟು ಕಾರುಗಳು ಮೂಗಿನ ಕೆಳಗಿನ ಕಡ್ಡಿಯನ್ನು ಸೀಳಿಗೆ ಇಳಿಬಿಟ್ಟು ಓಡುತ್ತವೆ. ಹಿಂದೆ ಒಂದು ಸೀಳಿಗೆ ಒಂದೇ ಕಾರು. ಈಗ ಡಿಜಿಟಲ್ ಕಾಲ, ಒಂದೇ ಸೀಳಿನಲ್ಲಿ ನಾಲ್ಕಾರು ಓಡಬಹುದು. ಸೀಳಿನ ಅಕ್ಕಪಕ್ಕದ ಲೋಹದ ಪಟ್ಟಿಗಳಲ್ಲಿ ವಿದ್ಯುತ್ತಿನ ಜೊತೆಗೇ ಆಜ್ಞೆಗಳೂ ಹರಿಯುತ್ತವೆ: ಎರಡನೇ ನಂಬರು ಜೋರಾಗಿ, ಮೂರನೇ ನಂಬರು ನಿಧಾನ, ಹೀಗೆ. ಪ್ರತಿ ಕಾರಿನ ಹೊಟ್ಟೆಯಲ್ಲೂ ಒಂದು ಚಿಪ್ ಇರುತ್ತದೆ. ಅದು ತನ್ನ ನಂಬರು ಬಂದಾಗ ಮಾತ್ರ ಕಿವಿಗೊಡುತ್ತದೆ. ನಿಮ್ಮ ತಮ್ಮ ಯಾವ ನಂಬರಿಗೆ ಕಿವಿಗೊಡುತ್ತಾರೆ ಎಂಬುದು ನನಗೆ ಇನ್ನೂ ಸಿಕ್ಕಿಲ್ಲ.

ದಿನವಿಡೀ ಕಿವಿಯ ಯಂತ್ರ ರಿಪೇರಿ ಮಾಡುವವಳು ನಾನು. ಕಿವಿಗೊಡುವ ವಸ್ತು ಕಂಡರೆ ಬಿಚ್ಚದೆ ಇರಲಾಗದು. ಕಂಪನಿಯ ಚಿಪ್ ಬಿಚ್ಚಿದೆ. ಒಂದನ್ನು ಸುಟ್ಟೆ, ಇನ್ನೊಂದನ್ನು ಅರ್ಥ ಮಾಡಿಕೊಂಡೆ, ಮತ್ತೊಂದನ್ನು ನಾನೇ ಮಾಡಿದೆ. ನಾನು ಮಾಡಿದ್ದನ್ನು ನಿಮ್ಮ ತಮ್ಮನ ಕೆಂಪು ಕಾರಿನಲ್ಲಿ, ಅವರಿಗೆ ಹೇಳದೆ, ಬೆಸುಗೆ ಹಾಕಿ ಕೂರಿಸಿದೆ. ಹೌದು, ಹೇಳದೆ. ಅಂದಿನಿಂದ ಅವರು ಗೆಲ್ಲುತ್ತಲೇ ಬಂದರು. ಬೇರೆ ಚಿಪ್ ಕ್ಲಬ್ಬಿನಲ್ಲಿ ನಿಷಿದ್ಧ ಎಂಬುದೂ ಗೊತ್ತಿತ್ತು. ನಿಯಮಾವಳಿ ಬರೆದ ಕಾರ್ಯದರ್ಶಿ ನಮ್ಮ ಮನೆಯಲ್ಲೇ ಗೊರಕೆ ಹೊಡೆಯುತ್ತಿದ್ದರಲ್ಲ.

ಎಡವಟ್ಟಾದದ್ದು ಬೇರೆ ಕಡೆ. ಪಂದ್ಯದ ಬೆಳಿಗ್ಗೆ ಕಾರುಗಳಿಗೆ ಹೊಸದಾಗಿ ನಂಬರು ಕೊಟ್ಟುಕೊಂಡು ಬರುವುದು ಕ್ಲಬ್ಬಿನ ಪದ್ಧತಿ. ಕೊಡುವಾಗ ರಸ್ತೆಯ ಮೇಲೆ ಆ ಒಂದು ಕಾರು ಮಾತ್ರ ಇರಬೇಕು. ಮೊದಲು ನನ್ನ ಹಸಿರು ಕಾರಿಗೆ ಮೂರು ಎಂದು ಕೊಟ್ಟೆ. ಅದು ಮೇಜಿನ ರಸ್ತೆಯಲ್ಲೇ ಉರುಳಿ, ರಸ್ತೆ ತನ್ನನ್ನೇ ದಾಟುವ ಪುಟ್ಟ ಸೇತುವೆಯ ಕೆಳಗೆ ನಿಂತದ್ದನ್ನು ನೋಡಲಿಲ್ಲ. ಆಮೇಲೆ ಕೆಂಪು ಕಾರನ್ನು ಇಟ್ಟು ಎರಡು ಎಂದು ಕೊಟ್ಟಾಗ, ಸೇತುವೆಯ ಕೆಳಗಿನದೂ ತನ್ನ ಮೂರನ್ನು ಮೂರ್ಕಾಸಿಗೆ ಮಾರಿ, ನಾನೂ ಎರಡೇ ಎಂದುಕೊಂಡಿತು.

ಮುಂದಿನದು ನಿಮಗೇ ಗೊತ್ತು, ಯಜಮಾನರೇ. ಮೊದಲ ಓಟವೇ ನಮ್ಮಿಬ್ಬರದು. ನಾನು ಕಂಟ್ರೋಲರ್ ಎಷ್ಟು ಅದುಮಿದರೂ ಹಸಿರು ಕಾರು ಜಪ್ಪಯ್ಯ ಅನ್ನಲಿಲ್ಲ. ನೀವು ಒತ್ತಿದ್ದೇ ತಡ, ಎರಡೂ ಜೊತೆಜೊತೆಯಾಗಿ ಹೊರಟವು. ನೀವು ಬಿಟ್ಟರೆ ಎರಡೂ ನಿಂತವು. ಮದುವೆಯಾದಂದಿನಿಂದ ನೀವು ಒತ್ತಿದಂತೆ ನಾನು ಓಡಿದ್ದು ಅದೊಂದೇ ದಿನ. ಜನ ನಕ್ಕರೆ ತಪ್ಪೇನು?

ನಗದೆ ಇದ್ದವರು ನಮ್ಮ ಅಧ್ಯಕ್ಷರು, ಹಾರನ್ ಮಾಮ. ಬಸ್ಸು ಓಡಿಸಿ ನಿವೃತ್ತರಾದರೂ ಗಂಟಲು ನಿವೃತ್ತಿಯಾಗಿಲ್ಲ. ನಿಲ್ಸಿ, ನಿಲ್ಸಿ, ಎರಡನ್ನೂ ಬಿಚ್ಚಿ ಅಂತ ಕೂಗಿದರು. ಹಸಿರಿನಲ್ಲಿ ಕಂಪನಿಯ ಚಿಪ್, ಕೆಂಪಿನಲ್ಲಿ ನನ್ನದು. ಯಾರು ಮಾಡಿದ್ದಮ್ಮ ಇದನ್ನ ಅಂದರು. ನಾನೇ ಮಾಮ, ಬೆಸುಗೆ ನೀಟಾಗಿದೆ ಅಲ್ವಾ ಅಂದೆ. ಅಷ್ಟರಲ್ಲಿ ನೀವು ನನ್ನ ಕಡೆ ತಿರುಗಿ, ಹಾಗಾದ್ರೆ ಇಷ್ಟು ದಿನ ಗೆದ್ದಿದ್ದು ನಾನಲ್ವಾ ಅಂತ ಮೆಲ್ಲಗೆ ಕೇಳಿದಿರಿ. ಆ ಗದ್ದಲದಲ್ಲಿ ನನಗೆ ಕೇಳಿಸಿದ್ದು ಅದೊಂದೇ. ಉತ್ತರ ಕೊಡುವಷ್ಟರಲ್ಲಿ ನೀವು ಬಲಗೈಯನ್ನು ಜೇಬಿಗೆ ತುರುಕಿಕೊಂಡು ಹೊರಟುಹೋಗಿದ್ದಿರಿ.

ಈಗ ಕೊಡುತ್ತೇನೆ. ಗೆದ್ದದ್ದು ನೀವೇ. ಆ ಚಿಪ್ ನಿಮ್ಮ ಕಾರಿಗೆ ಕೂದಲೆಳೆಯಷ್ಟೂ ವೇಗ ಕೂಡಿಸಿಲ್ಲ. ಕೊನೆಯ ತಿರುವಿನಲ್ಲಿ ಎಲ್ಲರೂ ಹೆದರಿ ಬೆರಳು ಸಡಿಲಿಸುವಾಗ ಇನ್ನೊಂದು ಉಸಿರು ಕಾಯುವ ಆ ಭಂಡತನ ಯಾವ ಚಿಪ್ಪಿನಲ್ಲೂ ಸಿಗುವುದಿಲ್ಲ. ಅದು ನಿಮ್ಮ ಮನೆತನದ ಸರಕು, ಅತ್ತಿಗೆಗೆ ಗೊತ್ತು.

ಮೊನ್ನೆ ಹಾರನ್ ಮಾಮ ನನ್ನ ಅಂಗಡಿಗೆ ಬಂದಿದ್ದರು. ಯಂತ್ರ ಕುಯ್ಯೋ ಅಂತಿದೆ ಕಣಮ್ಮ, ಒಂಚೂರು ನೋಡು ಅಂದರು. ನೋಡಿದೆ, ಸರಿ ಮಾಡಿದೆ, ಕಿವಿಗೆ ಕೂರಿಸಿದೆ. ಆಮೇಲೆ ಕೇಳಿದೆ: ನಿಮ್ಮ ಕಿವಿಯಲ್ಲೂ ಒಂದು ಚಿಪ್ ಇದೆಯಲ್ಲ ಮಾಮ, ನೀವು ಕೇಳೋದೂ ಮೋಸಾನಾ? ಅದು ಬೇರೆ, ಇದು ಬೇರೆ ಅಂದರು. ಹೇಗೆ ಬೇರೆ ಅಂದೆ. ಆಗ ಮಾತ್ರ ಪಾಪ, ಕೇಳಿಸಲಿಲ್ಲ.

ನೀವಾದರೂ ಹೇಳಿ. ನೀವು ಜನರ ಮೂಗಿನ ಮೇಲೆ ಕನ್ನಡಕ ಕೂರಿಸುವವರು. ಕನ್ನಡಕ ಹಾಕಿಕೊಂಡು ಓದಿದವನ ಓದು ನಕಲೇ?

ಭಾನುವಾರ ಬರುತ್ತೇನೆ. ಮುಂದಿನ ಸಾಲಿನಲ್ಲೇ ಕೂರುತ್ತೇನೆ. ಮೋಸಗಾತಿ ಎಂದು ಬರೆದುಕೊಳ್ಳುವುದಾದರೆ ಬರೆದುಕೊಳ್ಳಿ, ಕಾಗುಣಿತ ತಪ್ಪಿದರೆ ಎದ್ದು ತಿದ್ದುತ್ತೇನೆ. ಹೆಸರು ಹೊಡೆದುಹಾಕಿದರೆ ಮನೆಯಲ್ಲಿ ಮೇಜಿದೆ, ಮೇಜಿನ ಮೇಲೆ ರಸ್ತೆಯಿದೆ. ಅದನ್ನು ಎತ್ತಿಡುವುದಿಲ್ಲ. ಊಟದ ತಟ್ಟೆಗೆ ತೊಡೆಯಿದೆ.

ಇತಿ, ನಿಮ್ಮ ಬೆರಳಿಗೆ ಇನ್ನು ಓಡದ,
ಮೂರನೇ ನಂಬರಿನವಳು

ತಾ.ಕ.: ಅತ್ತಿಗೆ, ನಿಮ್ಮ ಓದು ಇಲ್ಲಿಗೆ ಮುಗಿಯಿತು. ಇದರ ಜೊತೆಗಿರುವ, ಮಡಿಸಿ ಅಂಟಿಸಿದ ಹಾಳೆಯನ್ನು ಬಿಡಿಸದೆ ಅವರ ಕೈಗೆ ಕೊಡಿ. ಈ ಒಂದು ಉಪಕಾರಕ್ಕೆ ನೀವು ಮೂಗು ಮುರಿದದ್ದೆಲ್ಲ ಮಾಫಿ.

ಈ ಹಾಳೆಯೊಳಗೆ ನಾವಿಬ್ಬರೇ, ಯಜಮಾನರೇ. ಕನ್ನಡಕದ ಸಣ್ಣ ಸ್ಕ್ರೂ ಕೂರಿಸುವ ಕೆಲಸವನ್ನು ಅಂಗಡಿಯ ಪಾಲುದಾರರಿಗೆ ದಾಟಿಸಿ, ಯಾಕೋ ಕಣ್ಣು ಮಂಜು ಕಣೇ ಅಂದಿರಿ. ಕನ್ನಡಕದ ಅಂಗಡಿಯವರಿಗೆ ಕನ್ನಡಕಕ್ಕೆ ಬರವೇ? ಕಿವಿಗೆ ಹೂವಿಡುವುದಿದ್ದರೂ ಕಿವಿಯ ಕೆಲಸದವಳನ್ನೇ ಹುಡುಕಬೇಕಿತ್ತೇ? ನಿಮ್ಮ ಬಲಗೈ ನಡುಗುವುದನ್ನು ನನಗೆ ಮೊದಲು ಹೇಳಿದ್ದು ನಿಮ್ಮ ಕಾರು. ನೇರ ರಸ್ತೆಯಲ್ಲೂ ಅದು ಬಿಕ್ಕುತ್ತಿತ್ತು, ತಿರುವಿನಲ್ಲಿ ಹಾರಿ ಬೀಳುತ್ತಿತ್ತು. ನೀವು ಟೈರಿನ ಮೇಲೆ ತಪ್ಪು ಹೊರಿಸಿ ಒರೆಸುತ್ತ ಕೂರುತ್ತಿದ್ದಿರಿ.

ಆ ಚಿಪ್ ಮಾಡುವುದು ಇಷ್ಟೇ. ಬೆರಳಿನ ನಡುಕವನ್ನು ಕೇಳಿಸಿಕೊಳ್ಳುವುದಿಲ್ಲ, ನೀವು ಬೇಕೆಂದು ಒತ್ತಿದ್ದನ್ನು ಮಾತ್ರ ಕೇಳಿಸಿಕೊಳ್ಳುತ್ತದೆ. ಕಿವಿಯ ಯಂತ್ರದಲ್ಲಿ ಗದ್ದಲ ಕಳೆದು ಮಾತು ಉಳಿಸುವ ವಿದ್ಯೆಯೇ ಅದು.

ನೀವಾಗಿಯೇ ಹೇಳಲಿ ಎಂದು ಕಾದೆ. ನೀವು ಹೇಳಲಿಲ್ಲ, ನಾನು ಕೇಳಲಿಲ್ಲ. ಭಾನುವಾರ ಸಭೆಯಲ್ಲಿ ನಾನು ಯಾಕೆ ಬಾಯಿ ಬಿಡುವುದಿಲ್ಲ ಎಂದು ಈಗ ತಿಳಿಯಿತೇ? ಅದು ನಿಮ್ಮ ಮಾತು, ಹೇಳಿದರೆ ನೀವು ಹೇಳಬೇಕು. ಹೇಳದಿದ್ದರೂ ನನ್ನ ತಕರಾರಿಲ್ಲ. ಸೋಮವಾರ ಡಾಕ್ಟರರ ಹತ್ತಿರ ಹೋಗುವುದು ಮಾತ್ರ ನಿಮಗೆ ಬಿಟ್ಟದ್ದಲ್ಲ, ನಾನೂ ಬರುತ್ತೇನೆ.

ಇಷ್ಟಾದ ಮೇಲೂ ಚಿಪ್ ಬೇಡವೆಂದರೆ ಮನೆಗೆ ಬಂದು ನೀವೇ ಕೀಳಿ. ಬೆಸುಗೆ ಕಡ್ಡಿ ಬಿಸಿ ಮಾಡಿ ಇಟ್ಟಿರುತ್ತೇನೆ. ಕೈ ನಡುಗಿದರೆ ಹಿಡಿದುಕೊಳ್ಳುತ್ತೇನೆ, ಒಮ್ಮೆ ಹಿಡಿದ ಕೈಯೇ ತಾನೇ.